ಪ್ರಾರ್ಥನೆಯ ಸಾಲಿನಲ್ಲಿ ನಿಂತ ಕೂಸು: ‘ಕಳತ್ತೂರ್ ಕಣ್ಣಮ್ಮ’

ಗದಗ ತಾಲೂಕಿನ ಸರಕಾರಿ ಕನ್ನಡ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಅಷ್ಟೂ ವರ್ಷ, ವಾರಕ್ಕೆ ಎರಡು ದಿನವಾದರೂ, ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳ ಬಾಯಲ್ಲಿ ‘ತುಮ್ಹೀ ಹೋ ಮಾತಾ, ಪಿತಾ ತುಮ್ಹೀ ಹೋ’ ಎಂಬ ಹಾಡನ್ನು ಕೇಳಿದ್ದೇನೆ. ಹಿಂದಿಯ ಒಂದಕ್ಷರವೂ ಬಾರದ ಒಂದನೆಯ ಇಯತ್ತೆಯ ಮಕ್ಕಳು ಕೂಡ ಅದನ್ನು ತಪ್ಪಿಲ್ಲದೆ ಹಾಡುತ್ತಿದ್ದರು. ಯಾರೋ ಸಂತರು ರಚಿಸಿದ ಹಳೆಯ ಭಜನೆ ಇರಬೇಕೆಂದು ನಾನು ತಿಳಿದಿದ್ದೆ. ಅದು 1962ರ ಹಿಂದಿ ಚಿತ್ರ ‘ಮೈ ಚುಪ್ ರಹೂಂಗಿ’ಗಾಗಿ ರಾಜೇಂದ್ರ ಕೃಷ್ಣ ಬರೆದು, ಚಿತ್ರಗುಪ್ತ ರಾಗ ಹಾಕಿ, ಲತಾ ಮಂಗೇಶ್ಕರ್ ಹಾಡಿದ ಹಾಡು ಎಂಬುದು ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಆ ಹಿಂದಿ ಚಿತ್ರಕ್ಕೂ ಒಂದು ತಾಯಿಬೇರು ಉಂಟು: 1960ರ ಆಗಸ್ಟ್ 12ರಂದು ತೆರೆಕಂಡ ತಮಿಳಿನ ‘ಕಳತ್ತೂರ್ ಕಣ್ಣಮ್ಮ’. ಎರಡನ್ನೂ ತಯಾರಿಸಿದ್ದು ಮದರಾಸಿನ ಎವಿಎಂ ಸಂಸ್ಥೆ, ಎರಡನ್ನೂ ನಿರ್ದೇಶಿಸಿದವರು ಎ. ಭೀಮಸಿಂಗ್. ನಾನು 31 ವರ್ಷ ಕೇಳಿದ ಪ್ರಾರ್ಥನೆಯ ಮೊದಲ ರೂಪವು ಒಂದು ತಬ್ಬಲಿ ಮಗುವಿನ ಬಾಯಲ್ಲಿತ್ತು ಎಂದು ತಿಳಿದ ಮೇಲೆ ಆ ಚಿತ್ರವನ್ನು ನೋಡದೆ ಇರಲಾಗಲಿಲ್ಲ.

ನಾನೊಬ್ಬಳೇ ನೋಡಲಿಲ್ಲ. ಎಂಬತ್ತು ದಾಟಿದ ಅವ್ವ ಪಕ್ಕದಲ್ಲಿ ಕುಳಿತಿದ್ದಳು. ನಮಗೆ ಸಿಕ್ಕ ಪ್ರತಿಯಲ್ಲಿ ಯಾವ ಭಾಷೆಯ ಅಡಿಬರಹವೂ ಇರಲಿಲ್ಲ. ಅವ್ವನಿಗೆ ಗದಗ, ಹಾವೇರಿ, ಹುಬ್ಬಳ್ಳಿ ಬಿಟ್ಟರೆ ಬೇರೆ ಸೀಮೆಯ ಮಾತು ತಿಳಿಯದು, ನನ್ನ ತಮಿಳೂ ಅಷ್ಟಕ್ಕಷ್ಟೇ. ಆದರೂ ಸುಮಾರು ಮುಕ್ಕಾಲು ಪಾಲು ಕಥೆ ನಮ್ಮಿಬ್ಬರಿಗೂ ನೇರವಾಗಿ ಮುಟ್ಟಿತು.

ಕಥೆ ಹೀಗಿದೆ. ಕಳತ್ತೂರಿನ ಜಮೀನ್ದಾರನ ಮಗ ರಾಜಲಿಂಗಂ, ಅದೇ ಜಮೀನ್ದಾರನ ಹೊಲ ಮಾಡುವ ರೈತ ಮುರುಗನ್ ಎಂಬಾತನ ಮಗಳು ಕಣ್ಣಮ್ಮನನ್ನು ಪ್ರೀತಿಸಿ ಯಾರಿಗೂ ತಿಳಿಯದಂತೆ ಗುಡಿಯಲ್ಲಿ ಮದುವೆಯಾಗುತ್ತಾನೆ ಮತ್ತು ಹೆಚ್ಚಿನ ಓದಿಗೆ ವಿದೇಶಕ್ಕೆ ಹೋಗುತ್ತಾನೆ. ಕಣ್ಣಮ್ಮ ಬಸುರಿಯಾಗಿರುವುದು ತಂದೆಗೆ ತಿಳಿಯುತ್ತದೆ. ಅವನು ಮಗಳನ್ನು ಕರೆದುಕೊಂಡು ಊರು ಬಿಡುತ್ತಾನೆ; ಮಗು ಹುಟ್ಟಿದೊಡನೆ ಅದನ್ನು ಅನಾಥಾಶ್ರಮಕ್ಕೆ ಒಪ್ಪಿಸಿ, ಮಗು ಉಳಿಯಲಿಲ್ಲವೆಂದು ಮಗಳಿಗೆ ಹೇಳುತ್ತಾನೆ. ಮರಳಿ ಬಂದ ರಾಜಲಿಂಗಂ ಹೆಂಡತಿಯನ್ನು ತಪ್ಪು ತಿಳಿದು ದೂರವಾಗುತ್ತಾನೆ. ಕಣ್ಣಮ್ಮ ಶಿಕ್ಷಕಿಯಾಗುತ್ತಾಳೆ. ಅವಳ ಮುಂದೆ ವಿದ್ಯಾರ್ಥಿಯಾಗಿ ಬಂದು ನಿಲ್ಲುವ ಸೆಲ್ವಂ ಅವಳ ಹೊಟ್ಟೆಯಲ್ಲೇ ಹುಟ್ಟಿದ ಮಗ. ಅದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ನೋಡುತ್ತಿರುವ ನಮಗೆ ಮಾತ್ರ ಗೊತ್ತು. ಕೊನೆಗೆ ನಿಜ ಹೊರಬಿದ್ದು ಮೂವರೂ ಒಂದಾಗುತ್ತಾರೆ.

ಹೀಗೆ ಸಾರಾಂಶ ಮಾಡಿದಾಗ ಆ ಕಾಲದ ಹತ್ತಾರು ಕಣ್ಣೀರಿನ ಕಥೆಗಳಲ್ಲಿ ಇದೂ ಒಂದೆಂದು ಅನಿಸಬಹುದು. ಆದರೆ ಇಡೀ ಚಿತ್ರವನ್ನು ನೋಡಿದ ಮೇಲೆ ನನಗೆ ಮುಖ್ಯವಾಗಿ ಕಂಡದ್ದು ಒಂದೇ ಮಾತು. ಈ ಕಥೆಯಲ್ಲಿ ತಬ್ಬಲಿ ಎನಿಸಿಕೊಂಡ ಮಗುವಿನ ತಾಯಿ ಬದುಕಿದ್ದಾಳೆ, ತಂದೆ ಬದುಕಿದ್ದಾನೆ, ಎರಡೂ ಕಡೆಯ ಅಜ್ಜಂದಿರು ಬದುಕಿದ್ದಾರೆ. ಸಾವು ಯಾರನ್ನೂ ಒಯ್ದಿಲ್ಲ, ಬರವಾಗಲಿ ರೋಗವಾಗಲಿ ಬಂದಿಲ್ಲ. ಸೆಲ್ವಂ ತಬ್ಬಲಿಯಾಗಿ ಹುಟ್ಟಿದವನಲ್ಲ, ದೊಡ್ಡವರು ಕೂಡಿ ಅವನನ್ನು ತಬ್ಬಲಿ ಮಾಡಿದ್ದಾರೆ, ಅದೂ ಮರ್ಯಾದೆ ಎಂಬ ಒಂದು ಮಾತಿಗಾಗಿ. ಒಡೆಯನ ಮನೆತನದ ಹೆಸರಿಗೆ ಧಕ್ಕೆ ಬರಬಾರದು, ರೈತನ ಮಗಳ ಹೆಸರಿಗೂ ಮಸಿ ಹತ್ತಬಾರದು ಎಂದು ಎರಡೂ ಮನೆಗಳವರು ತಮ್ಮ ತಮ್ಮ ಮಾನವನ್ನು ಉಳಿಸಿಕೊಳ್ಳಲು ಹೊರಟಾಗ, ಆ ಲೆಕ್ಕದಲ್ಲಿ ಎಲ್ಲೂ ಸೇರದೆ ಹೊರಗೆ ಉಳಿದದ್ದು ಕೂಸು. ಭೀಮಸಿಂಗ್ ಇದನ್ನು ಭಾಷಣವಾಗಿ ಹೇಳಿಸುವ ಬದಲು ಘಟನೆಗಳ ಕ್ರಮದಲ್ಲಿಯೇ ಇಟ್ಟಿದ್ದಾರೆ. ಪೂರ್ವಾರ್ಧದಲ್ಲಿ ಮರ್ಯಾದೆಯ ಮಾತು ಮತ್ತೆ ಮತ್ತೆ ಬರುತ್ತದೆ, ಉತ್ತರಾರ್ಧದಲ್ಲಿ ಅದರ ಬೆಲೆಯನ್ನು ಐದು ವರ್ಷದ ಹುಡುಗನೊಬ್ಬ ತೆರುತ್ತಿರುತ್ತಾನೆ.

ಇನ್ನು ಹಾಡಿನ ವಿಷಯ. ಚಿತ್ರವನ್ನು ನೋಡಲು ಕಾರಣವಾದದ್ದೂ ಅದೇ, ನೋಡಿದ ಮೇಲೆ ಮನಸ್ಸಿನಲ್ಲಿ ಉಳಿದದ್ದೂ ಅದೇ. ‘ಅಮ್ಮಾವುಂ ನೀಯೇ, ಅಪ್ಪಾವುಂ ನೀಯೇ’ ಎಂದು ಸೆಲ್ವಂ ಮುರುಗನ್ ದೇವರ ಮುಂದೆ ಹಾಡುತ್ತಾನೆ. ಕನ್ನಡಿಗರಿಗೆ ಈ ಸಾಲನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ, ಅಮ್ಮನೂ ನೀನೇ, ಅಪ್ಪನೂ ನೀನೇ. ಮುಂದಿನ ಸಾಲು ‘ತಂದೈ ಮುಗಂ ತಾಯಿನ್ ಮುಗಂ ಕಂಡರಿಯೋಮೇ’ ಎಂದು ಬರುತ್ತದೆ. ತಂದೆಯ ಮುಖವನ್ನು, ತಾಯಿಯ ಮುಖವನ್ನು ನಾವು ಕಂಡರಿಯೆವು. ಇದು ಬಂದಾಗ ಅವ್ವ ನನ್ನ ಕಡೆ ತಿರುಗಿ ಅರ್ಥವನ್ನು ಕೇಳಲಿಲ್ಲ, ಅವಳಿಗೆ ಅದು ತಾನಾಗಿಯೇ ತಿಳಿದಿತ್ತು. ಆಮೇಲೆ ಹಾಡು ಒಂದು ವಿಚಿತ್ರವಾದ, ಮಕ್ಕಳಿಗೆ ಮಾತ್ರ ಹೊಳೆಯಬಹುದಾದ ಲೆಕ್ಕಕ್ಕೆ ಇಳಿಯುತ್ತದೆ. ಬೆಕ್ಕು, ನಾಯಿ, ಗಿಳಿ ಕೂಡ ಮನುಷ್ಯರ ಮಡಿಲಲ್ಲಿ ಹೆತ್ತ ಮಗುವಿನ ಹಾಗೆ ನಂಟು ಬೆಳೆಸಿಕೊಳ್ಳುತ್ತವೆಯಲ್ಲ ಎಂದು ಆ ಹುಡುಗ ದೇವರಿಗೆ ಹೇಳುತ್ತಾನೆ. ಹೆತ್ತ ಮಗುವಿನ ಹಾಗೆ ಎಂಬುದಕ್ಕೆ ತಮಿಳಿನಲ್ಲಿ ‘ಪೆಟ್ರ ಪಿಳ್ಳೈ ಪೋಲ’ ಎಂದಿದೆ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ ಎಂಬುದನ್ನು ಮೇಲಿನ ತರಗತಿಗಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ‘ಪೆತ್ತ’ ನಮ್ಮಲ್ಲಿ ‘ಹೆತ್ತ’ ಆಗಿದೆ, ‘ಪೋಲ್’ ಎಂಬುದು ‘ಹೋಲು’ ಆಗಿದೆ. ಕರಿಹಲಗೆಯ ಮೇಲೆ ಒಣ ನಿಯಮವಾಗಿದ್ದ ಆ ಪಾಠ ಅಂದು ಒಂದು ಮಗುವಿನ ಕೊರಳಿನಿಂದ ಬಂದಾಗ, ಹಳಗನ್ನಡದ ಕಾಲದಿಂದ ಯಾರೋ ಹೆತ್ತವರನ್ನು ಕೂಗುತ್ತಿದ್ದಾರೆ ಎನ್ನಿಸಿ ಮೈ ಜುಮ್ಮೆಂದಿತು.

ಹಾಡಿದವರು ಎಂ.ಎಸ್. ರಾಜೇಶ್ವರಿ. ಮಕ್ಕಳ ಪಾತ್ರಗಳಿಗೆ ಹಾಡುವುದರಲ್ಲಿ ತಮಿಳು ಚಿತ್ರರಂಗದಲ್ಲಿ ಅವರದು ದೊಡ್ಡ ಹೆಸರು. ದೊಡ್ಡವರು ಮಕ್ಕಳ ಧ್ವನಿ ಮಾಡಲು ಹೋದಾಗ ಸಾಮಾನ್ಯವಾಗಿ ಮುದ್ದು ಹೆಚ್ಚಾಗಿ ಭಾವ ತೆಳುವಾಗುತ್ತದೆ. ಇಲ್ಲಿ ಹಾಗಾಗಿಲ್ಲ. ಧ್ವನಿಯಲ್ಲಿ ಭಕ್ತಿಗಿಂತ ಅರಿಕೆ ಹೆಚ್ಚಾಗಿದೆ, ಅರಿಕೆಯ ಅಡಿಯಲ್ಲಿ ಸಣ್ಣದೊಂದು ತಕರಾರೂ ಇದೆ. ಸಂಗೀತ ಆರ್. ಸುದರ್ಶನಂ ಅವರದು. ನಮ್ಮವರು ಅವರನ್ನು ಹೊರಗಿನವರೆಂದು ತಿಳಿಯಬೇಕಾಗಿಲ್ಲ. 1954ರ ‘ಬೇಡರ ಕಣ್ಣಪ್ಪ’ಕ್ಕೆ, ಅಂದರೆ ರಾಜಕುಮಾರ್ ಅವರು ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರಕ್ಕೆ, ಸಂಗೀತ ಕೊಟ್ಟವರೂ ಅವರೇ. ಹಸಿದ ಕಣ್ಣಪ್ಪ ‘ಶಿವಪ್ಪ ಕಾಯೋ ತಂದೆ’ ಎಂದು ಶಿವನನ್ನು ತಂದೆಯೆಂದು ಕರೆದು ಕೂಗುವ ಹಾಡನ್ನು ನಮ್ಮ ಸೀಮೆಯಲ್ಲಿ ಕೇಳದವರು ಯಾರು? ದೇವರನ್ನು ಹೆತ್ತವನೆಂದು ಕರೆದು ಹಸಿವೆಯನ್ನು ನೇರವಾಗಿ ಹೇಳಿಕೊಳ್ಳುವ ಆ ಸಲಿಗೆಯನ್ನು ಆರು ವರ್ಷಗಳ ತರುವಾಯ ಅದೇ ಸಂಗೀತಗಾರರು ಒಂದು ಕೂಸಿನ ಬಾಯಲ್ಲಿ ಇಟ್ಟಿದ್ದಾರೆ.

ಹಿಂದಿಯ ಹಾಡನ್ನೂ ತಮಿಳಿನ ಹಾಡನ್ನೂ ಪಕ್ಕದಲ್ಲಿಟ್ಟು ಕೇಳಿದಾಗ ನನಗೆ ಸ್ಪಷ್ಟವಾದ ವ್ಯತ್ಯಾಸ ಕಂಡಿತು. ಹಿಂದಿಯಲ್ಲಿ ಭಕ್ತರು ಅರಳಲಾರದ ಹೂಗಳು, ದೇವರ ಪಾದದ ಧೂಳು. ದಯೆಯ ದೃಷ್ಟಿ ಸದಾ ಇರಲಿ ಎಂದು ಬೇಡಿಕೊಳ್ಳುತ್ತಾರೆ. ಅದು ತುಂಬ ಸುಂದರವಾದ, ಯಾರು ಬೇಕಾದರೂ ಹಾಡಬಹುದಾದ ಪ್ರಾರ್ಥನೆ, ಆ ಕಾರಣಕ್ಕೇ ಅದು ಶಾಲೆಯ ಅಂಗಳಕ್ಕೆ ಬಂದಿತು. ತಮಿಳಿನ ಹಾಡನ್ನು ಯಾರು ಬೇಕಾದರೂ ಹಾಡಲಾಗದು. ತಾಯಿಯ ಮುಖವನ್ನು ಕಂಡಿಲ್ಲದವರು ಮಾತ್ರ ಹಾಡಬಹುದಾದ ಹಾಡು ಅದು, ಬೆಕ್ಕಿಗೆ ಸಿಕ್ಕ ಮಡಿಲು ನಮಗೇಕೆ ಸಿಗಲಿಲ್ಲ ಎಂಬ ಪ್ರಶ್ನೆ ಅದರೊಳಗಿದೆ. ಬಸವಣ್ಣನವರ ‘ತಂದೆ ನೀನು ತಾಯಿ ನೀನು’ ವಚನದಲ್ಲಿಯೂ ಎಲ್ಲ ನಂಟನ್ನೂ ಕೂಡಲಸಂಗಮನಲ್ಲೇ ಕಂಡ ಮೇಲೆ ‘ಹಾಲಲದ್ದು, ನೀರಲದ್ದು’ ಎಂಬ ಮಾತು ಬರುತ್ತದೆ. ನೀನಲ್ಲದೆ ಬೇರೆ ಯಾರೂ ಇಲ್ಲ, ಇನ್ನು ಏನಾದರೂ ಮಾಡು ಎಂಬ ಆ ಧೈರ್ಯಕ್ಕೆ ತಮಿಳಿನ ಹಾಡೇ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ.

ಇದನ್ನು ಬರೆಯುವಾಗ ಒಬ್ಬ ಹುಡುಗ ಕಣ್ಣಮುಂದೆ ಬರುತ್ತಾನೆ. ಮೂರನೆಯ ಇಯತ್ತೆಯಲ್ಲಿದ್ದ, ಒಂದು ವಸತಿ ನಿಲಯದಿಂದ ನಡೆದು ಬರುತ್ತಿದ್ದ. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರು ಬರೆಯುವ ಜಾಗದಲ್ಲಿ ಒಂದು ಅಡ್ಡಗೆರೆ ಇತ್ತು. ಪ್ರಾರ್ಥನೆಯಲ್ಲಿ ಅವನ ಧ್ವನಿ ಎಲ್ಲರ ಧ್ವನಿಗಿಂತ ಮೇಲೆ ಕೇಳುತ್ತಿತ್ತು. ಕೊರಳಿನ ನರ ಉಬ್ಬಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ರಾಗ ಎತ್ತ ಹೋದರೂ ಲಕ್ಷ್ಯವಿಲ್ಲದೆ ‘ತುಮ್ಹೀ ಹೋ ಮಾತಾ’ ಎಂದು ಕೂಗುತ್ತಿದ್ದ. ಪ್ರಾರ್ಥನೆಯ ಜವಾಬ್ದಾರಿ ನನ್ನದಾಗಿತ್ತು. ಒಂದು ದಿನ ಸಾಲಿನ ನಡುವೆ ಹೋಗಿ ಅವನ ಹೆಗಲು ಮುಟ್ಟಿ ‘ಸಾವಕಾಶ ಹಾಡೋ, ಉಳಿದವರದು ಕೇಳಸವಲ್ದು’ ಎಂದೆ. ‘ಹೂಂರೀ ಅಕ್ಕೋರ’ ಎಂದ. ಮರುದಿನದಿಂದ ಅವನ ತುಟಿ ಮಾತ್ರ ಅಲುಗಾಡುತ್ತಿತ್ತು. ಹಾಡಿನ ಅರ್ಥವೇನು, ಅದನ್ನು ಯಾರು ಯಾರಿಗಾಗಿ ಹಾಡುತ್ತಾರೆ ಎಂಬುದನ್ನು ನಾನು ಅಂದು ಯೋಚಿಸಲಿಲ್ಲ. ಸೆಲ್ವಂ ಕೈ ಮುಗಿದು ಹಾಡುವುದನ್ನು ನೋಡುತ್ತ ಕುಳಿತಾಗ ಆ ಹುಡುಗನ ಧ್ವನಿಯನ್ನು ನಾನೇ ತಗ್ಗಿಸಿದೆನಲ್ಲ ಎಂದು ಬಹಳ ನೋವಾಯಿತು.

ಸೆಲ್ವಂ ಪಾತ್ರ ಮಾಡಿದ ಬಾಲಕ ಕಮಲ ಹಾಸನ್. ಹುಟ್ಟಿದ್ದು 1954ರ ನವೆಂಬರ್ 7ರಂದು, ಪರಮಕುಡಿಯಲ್ಲಿ. ಚಿತ್ರ ತೆರೆಕಂಡಾಗ ಆರು ವರ್ಷವೂ ತುಂಬಿರಲಿಲ್ಲ. ಮೊದಲು ಈ ಪಾತ್ರಕ್ಕೆ ಆಗ ಹಿಂದಿಯಲ್ಲಿ ಹೆಸರಾಗಿದ್ದ ಬಾಲನಟಿ ಡೈಸಿ ಇರಾನಿಯನ್ನು ಗೊತ್ತು ಮಾಡಲಾಗಿತ್ತು. ಎವಿಎಂನ ಒಡೆಯರಾದ ಎ.ವಿ. ಮೆಯ್ಯಪ್ಪನ್ ಅವರ ಮನೆಗೆ ಪರಿಚಯದವರೊಂದಿಗೆ ಬಂದ ಈ ಹುಡುಗನ ಚುರುಕನ್ನು ಕಂಡು ಪಾತ್ರವನ್ನು ಅವನಿಗೆ ಕೊಟ್ಟರು. ಈ ಅಭಿನಯಕ್ಕೆ ಅವನಿಗೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂದಿತು. ‘ಕೋಕಿಲಾ’ದಲ್ಲಿ, ‘ಪುಷ್ಪಕ ವಿಮಾನ’ದಲ್ಲಿ ಕಮಲ ಹಾಸನ್ ಅವರನ್ನು ಕಂಡ ಕನ್ನಡಿಗರು ಈ ಮುಖವನ್ನು ನೋಡಲೇಬೇಕು, ಮುಂದೆ ಮಾತಿಲ್ಲದ ಒಂದು ಇಡೀ ಚಿತ್ರವನ್ನು ಹೊತ್ತ ಆ ಕಣ್ಣುಗಳು ಆಗಲೇ ಸಿದ್ಧವಾಗಿದ್ದವು. ನನಗೆ ಮೆಚ್ಚುಗೆಯಾದದ್ದು ಅವನ ಮಾತಿನ ಚುರುಕಿಗಿಂತ ಕೇಳಿಸಿಕೊಳ್ಳುವ ರೀತಿ. ದೊಡ್ಡವರು ಮಾತಾಡುವಾಗ ಅವರ ಮುಖವನ್ನೇ ನೋಡುತ್ತ, ತನ್ನ ಸರದಿ ಬಂದಾಗ ಮಾತ್ರ ಬಾಯಿ ತೆರೆಯುವ ಈ ಹುಡುಗನನ್ನು ಕಂಡರೆ, ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾನೆ ಎನ್ನಿಸುವುದಿಲ್ಲ. ಬಾಲನಟರಲ್ಲಿ ಇದು ಅಪರೂಪ.

ಕಣ್ಣಮ್ಮನಾಗಿ ಸಾವಿತ್ರಿ ಅಭಿನಯಿಸಿದ್ದಾರೆ. ಶಿಕ್ಷಕಿಯಾಗಿದ್ದವಳಿಗೆ ಇಲ್ಲಿ ನೋಡಲು ಬೇಕಾದಷ್ಟಿದೆ. ಚಿಕ್ಕ ತರಗತಿಗಳಿಗೆ ಪಾಠ ಹೇಳಿದ ಹೆಣ್ಣುಮಕ್ಕಳೆಲ್ಲ ಬಲ್ಲ ಒಂದು ಗಳಿಗೆ ಉಂಟು. ಹೊಸದಾಗಿ ಸಾಲಿಗೆ ಬಂದ ಕೂಸು ಪಾಟಿ ತೋರಿಸುವ ಅವಸರದಲ್ಲಿ ‘ಅಕ್ಕೋರ’ ಎನ್ನುವ ಬದಲು ಬಾಯಿ ತಪ್ಪಿ ‘ಅವ್ವಾ’ ಎಂದುಬಿಡುತ್ತದೆ; ವರ್ಗವೆಲ್ಲ ನಗುತ್ತದೆ, ಕೂಸಿನ ಮುಖ ಕೆಂಪಾಗುತ್ತದೆ, ನಾವು ಏನೂ ಕೇಳದವರ ಹಾಗೆ ಪಾಟಿ ನೋಡುತ್ತೇವೆ. ಆ ಒಂದು ಗಳಿಗೆಯನ್ನು ಸಾವಿತ್ರಿ ಇಡೀ ಉತ್ತರಾರ್ಧದ ಉದ್ದಕ್ಕೂ ಹಿಗ್ಗಿಸಿ ಹಿಡಿದಿದ್ದಾರೆ. ಈ ಹುಡುಗನ ಮೇಲೆ ತನಗೆ ಇಷ್ಟು ಮಮತೆ ಏಕೆ ಉಕ್ಕುತ್ತಿದೆ ಎಂಬುದು ಅವಳಿಗೆ ತಿಳಿಯದು. ಕಾರಣ ತಿಳಿಯದ ಮಮತೆಗೆ ಎಷ್ಟು ಸಲಿಗೆ ಕೊಡಬೇಕು, ಎಲ್ಲಿ ತಡೆಯಬೇಕು ಎಂಬ ಹಿಂಜರಿಕೆ ಅವರ ಕೈಗಳಲ್ಲಿಯೇ ಕಾಣುತ್ತದೆ. ಅವ್ವ ಇಲ್ಲಿಯೇ ತಾಳಲಾರದೆ ‘ಆ ಹುಡುಗ ಆಕೀ ಹೊಟ್ಟ್ಯಾಗ ಹುಟ್ಟಿದ್ದು ಅಂತ ಆಕೀಗೆ ಯಾರೂ ಹೇಳೂದಿಲ್ಲೇನ?’ ಎಂದು ನನ್ನನ್ನು ಗದರಿಸಿದಳು, ಹೇಳಬೇಕಾದವಳು ನಾನೇ ಎಂಬಂತೆ.

ಹೇಳಬಹುದಾಗಿದ್ದವನು ಒಬ್ಬನೇ, ಅವಳ ತಂದೆ ಮುರುಗನ್. ಆ ಪಾತ್ರ ಮಾಡಿದ ಎಸ್.ವಿ. ಸುಬ್ಬಯ್ಯ ಅವರಿಗೆ ನನ್ನ ಮನಸ್ಸಿನಲ್ಲಿ ಸಾವಿತ್ರಿಯಷ್ಟೇ ಎತ್ತರದ ಸ್ಥಾನ ಸಿಕ್ಕಿದೆ. ಈತ ದುಷ್ಟನಲ್ಲ. ಒಡೆಯನ ಹೊಲ ಮಾಡಿ ಬದುಕಿದ, ಉಪ್ಪಿನ ಋಣವನ್ನು ನಂಬಿದ, ಮಗಳನ್ನು ಜೀವಕ್ಕಿಂತ ಹೆಚ್ಚು ಹಚ್ಚಿಕೊಂಡ ರೈತ. ಮಗಳ ಬಾಳು ಹಾಳಾಗಬಾರದೆಂದು ಅವಳ ಮಗುವನ್ನೇ ಅವಳಿಂದ ಕಿತ್ತುಕೊಂಡವನು. ಆ ಸುಳ್ಳನ್ನು ಹೊತ್ತುಕೊಂಡು ದಿನ ದಿನ ಮಗಳ ಎದುರು ಕುಳಿತು ಉಣ್ಣಬೇಕಾದ ಮನುಷ್ಯನ ಬಾಗಿದ ಬೆನ್ನನ್ನು ಸುಬ್ಬಯ್ಯ ಮಾಡಿ ತೋರಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಇಂಥ ಮುಖಗಳನ್ನು ನಾನು ಕಂಡಿದ್ದೇನೆ. ಮನೆಯ ಹೆಣ್ಣುಮಗಳ ವಿಷಯದಲ್ಲಿ ಒಂದು ನಿರ್ಧಾರ ಮಾಡಿ, ಅದು ತಪ್ಪೆಂದು ಗೊತ್ತಾದ ಮೇಲೂ ಕಟ್ಟೆಯ ಮೇಲೆ ಕುಳಿತವರ ಬಾಯಿಗೆ ಹೆದರಿ ಸುಮ್ಮನಿದ್ದವರು. ಜಮೀನ್ದಾರನಾಗಿ ಟಿ.ಎಸ್. ಬಾಲಯ್ಯ, ರಾಜಲಿಂಗಂ ಆಗಿ ಜೆಮಿನಿ ಗಣೇಶನ್ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ. ಪೂರ್ವಾರ್ಧದಲ್ಲಿ ಎ.ಎಂ. ರಾಜಾ ಮತ್ತು ಪಿ. ಸುಶೀಲಾ ಹಾಡಿದ ‘ಆಡಾದ ಮನಮುಂ ಆಡುದೇ’ ಕಿವಿಗೆ ಇಂಪಾಗಿದೆ.

ಚಿತ್ರದ ಕೊರತೆಗಳನ್ನೂ ಹೇಳಬೇಕು. ರಾಜಲಿಂಗಂ ಹೆಂಡತಿಯನ್ನು ಶಂಕಿಸುವ ಭಾಗವನ್ನು ನಾನು ಒಪ್ಪಲಾರೆ. ದೇವರ ಎದುರು ಕೈಹಿಡಿದ ಹೆಣ್ಣನ್ನು ಒಂದು ಮಾತನ್ನೂ ಕೇಳದೆ ಬಿಟ್ಟು ನಡೆಯುವವನನ್ನು ಚಿತ್ರ ಬೇಗ ಕ್ಷಮಿಸುತ್ತದೆ; ಅವಳು ಪಟ್ಟ ವರ್ಷಗಟ್ಟಲೆಯ ಸಂಕಟದ ಎದುರು ಅವನ ಪಶ್ಚಾತ್ತಾಪ ತೀರ ಹಗುರ. ಅದೇ ರೀತಿ ಮರ್ಯಾದೆಯ ಹೆಸರಿನಲ್ಲಿ ಇಷ್ಟೆಲ್ಲ ಆದ ಮೇಲೆ, ಆ ಮರ್ಯಾದೆಯ ಕಲ್ಪನೆಯೇ ತಪ್ಪೆಂದು ಯಾರ ಬಾಯಿಂದಲೂ ಗಟ್ಟಿಯಾಗಿ ಹೊರಡುವುದಿಲ್ಲ. ಮದುವೆ ಆಗಿತ್ತು, ಮಗು ನ್ಯಾಯವಾಗಿ ಹುಟ್ಟಿದ್ದು ಎಂದು ಸಾಬೀತಾದುದರಿಂದ ಎಲ್ಲವೂ ಸರಿಹೋಗುತ್ತದೆ. ಗುಡಿಯಲ್ಲಿ ಆ ಮದುವೆ ನಡೆಯದೇ ಇದ್ದಿದ್ದರೆ ಸೆಲ್ವಂ ಎಲ್ಲಿರುತ್ತಿದ್ದ ಎಂದು ಕೇಳುವ ಧೈರ್ಯ 1960ರ ಚಿತ್ರಕ್ಕೆ ಬರಲಿಲ್ಲ. ಕಾಲದ ಮಿತಿ ಎಂದು ಅದನ್ನು ಅರ್ಥಮಾಡಿಕೊಳ್ಳುತ್ತೇನೆ, ಆದರೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಡುನಡುವೆ ಬರುವ ಹಾಸ್ಯದ ತುಂಡುಗಳು, ನೃತ್ಯದ ಭಾಗ ಕಥೆಯನ್ನು ತಡೆದು ನಿಲ್ಲಿಸುತ್ತವೆ. ಕಾಕತಾಳೀಯಗಳೂ ಬಹಳ. ಚಿತ್ರೀಕರಣವನ್ನು ಮೊದಲು ಆರಂಭಿಸಿದವರು ಟಿ. ಪ್ರಕಾಶ ರಾವ್; ಮೆಯ್ಯಪ್ಪನ್ ಅವರೊಂದಿಗೆ ಭಿನ್ನಾಭಿಪ್ರಾಯ ಬಂದು ಅವರು ಹೊರಗೆ ಹೋದ ಮೇಲೆ ಭೀಮಸಿಂಗ್ ಮುಗಿಸಿದರು. ಹೀಗೆ ಕೈ ಬದಲಾದರೂ ಸೆಲ್ವಂ ತೆರೆಗೆ ಬಂದಮೇಲೆ ಚಿತ್ರಕ್ಕೆ ಒಂದೇ ಉಸಿರು ಇದೆ. ಜಾವರ್ ಸೀತಾರಾಮನ್ ಅವರ ಬರವಣಿಗೆಗೆ ಅದರ ಶ್ರೇಯಸ್ಸಿನ ಒಂದು ಪಾಲು ಸಲ್ಲಬೇಕು. 8ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ತಮಿಳಿನ ಮೂರನೆಯ ಅತ್ಯುತ್ತಮ ಚಿತ್ರವೆಂಬ ಗೌರವ ಇದಕ್ಕೆ ದೊರೆತಿದೆ.

ನನ್ನ ದೊಡ್ಡ ಆಕ್ಷೇಪವೊಂದು ಉಳಿದಿದೆ, ಅದನ್ನು ಎತ್ತಿದವಳು ಅವ್ವ. ಕೊನೆಯಲ್ಲಿ ತಂದೆ, ತಾಯಿ, ಮಗ ಸೇರಿದರು. ನಾನು ಕಣ್ಣು ಒರೆಸಿಕೊಂಡು ಎದ್ದೆ. ಅವ್ವ ಕುಳಿತಲ್ಲಿಂದಲೇ ‘ಉಳಿದ ಕೂಸುಗೋಳು ಏನಾದ್ವು?’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಹಾಡಿನಲ್ಲಿ ‘ಕಂಡರಿಯೋಮೇ’ ಎಂದಿತ್ತು. ಅದು ಬಹುವಚನ. ನಾನು ಕಂಡರಿಯೆ ಎಂದಲ್ಲ, ನಾವು ಕಂಡರಿಯೆವು ಎಂದು. ಸೆಲ್ವಂ ಆಶ್ರಮದ ಎಲ್ಲ ಮಕ್ಕಳ ಪರವಾಗಿ ಹಾಡಿದ್ದ. ದೇವರು ಆ ಹಾಡನ್ನು ಕೇಳಿಸಿಕೊಂಡು ಉತ್ತರ ಕೊಟ್ಟದ್ದು ಅವನೊಬ್ಬನಿಗೆ. ಜಮೀನ್ದಾರನ ಮೊಮ್ಮಗ ಮನೆಗೆ ಹೋದ. ಯಾರ ಮೊಮ್ಮಕ್ಕಳೂ ಅಲ್ಲದವರು ಅಲ್ಲಿಯೇ ಇರಬೇಕು. ಕ್ಯಾಮೆರಾ ಅವರ ಕಡೆಗೆ ಮತ್ತೆ ತಿರುಗುವುದಿಲ್ಲ. ಚಿತ್ರದ ಪಾಲಿಗೆ ಅನಾಥಾಶ್ರಮವೆಂದರೆ ನಿಜವಾದ ಮನೆಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ತಂಗುದಾಣ.

ಗದಗಿನಲ್ಲಿ ಬಾಳಿದವರಿಗೆ ಇದನ್ನು ಸುಲಭವಾಗಿ ಒಪ್ಪಲಾಗುವುದಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ನಮ್ಮೂರಿನಲ್ಲಿದೆ. ಅಂಧ ಮಕ್ಕಳು, ಅನಾಥ ಮಕ್ಕಳು ಅಲ್ಲಿ ಉಂಡು, ಮಲಗಿ, ಸಂಗೀತ ಕಲಿತು ಬದುಕಿಗೆ ಒಂದು ವಿದ್ಯೆ ಹಿಡಿದು ಹೊರಬರುತ್ತಾರೆ. ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ಕಣ್ಣನ್ನೂ ಹೆತ್ತವರನ್ನೂ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಅದೇ ಆಶ್ರಮದಲ್ಲಿ ಬೆಳೆದು, ಗುರುಗಳ ನಂತರ ಅದನ್ನು ನಡೆಸಿ, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಲೆಕ್ಕವಿಲ್ಲದಷ್ಟು ಮಕ್ಕಳಿಗೆ ತಂದೆಯಾದರು. ಅಲ್ಲಿ ಯಾವ ಮಗುವಿಗೂ ಕೊನೆಯ ದೃಶ್ಯದಲ್ಲಿ ಕಳೆದುಹೋದ ತಂದೆ ಬಂದು ಸಿಗಬೇಕೆಂದಿಲ್ಲ. ಹಾರ್ಮೋನಿಯಂ ಮೇಲೆ ಬೆರಳು ಇಡುವುದನ್ನು ಕಲಿಸುವ ಒಂದು ಕೈ ಸಾಕಾಗುತ್ತದೆ. ಆಶ್ರಮದ ಹತ್ತಿರ ಹಾದು ಹೋಗುವಾಗ ಒಳಗಿನಿಂದ ತಂಬೂರಿಯ ಶ್ರುತಿಯೊಂದಿಗೆ ಹತ್ತಾರು ಮಕ್ಕಳ ಸರಗಮ ಒಟ್ಟಿಗೆ ಕೇಳಿಬರುವುದನ್ನು ನಾನು ಎಷ್ಟೋ ಸಲ ನಿಂತು ಕೇಳಿದ್ದೇನೆ. ‘ಕಳತ್ತೂರ್ ಕಣ್ಣಮ್ಮ’ ಚಿತ್ರಕ್ಕೆ ಅಂಥ ಒಂದು ಗುರುವಿನ ಪಾತ್ರ ಹೊಳೆದಿದ್ದರೆ, ಉಳಿದ ಕೂಸುಗಳನ್ನು ಅದು ಅಷ್ಟು ಬೇಗ ಮರೆಯುತ್ತಿರಲಿಲ್ಲ.

ಇಷ್ಟಾದರೂ ಈ ಚಿತ್ರವನ್ನು ನೋಡಿರೆಂದು ನಾನು ಒತ್ತಿ ಹೇಳುತ್ತೇನೆ, ಅದರಲ್ಲಿಯೂ ಶಿಕ್ಷಕರಿಗೆ. ಕಪ್ಪುಬಿಳುಪಿನ ಚಿತ್ರ, ಅವಧಿ ದೀರ್ಘ, ಆದ್ದರಿಂದ ಎರಡು ಸಂಜೆಗಳಲ್ಲಿ ನೋಡಿದರೆ ಒಳ್ಳೆಯದು. ಮಗು ಹುಟ್ಟುವವರೆಗಿನ ಭಾಗವನ್ನು ಒಂದು ದಿನಕ್ಕೆ ಮುಗಿಸಿ, ಸೆಲ್ವಂ ಬರುವ ಭಾಗವನ್ನು ಮರುದಿನ ಬಿಡುವಾಗಿ ನೋಡಬಹುದು. ತಮಿಳು ಬಾರದೆಂದು ಹಿಂಜರಿಯಬೇಡಿ. ಹಿಂದಿಯ ರೂಪವನ್ನು ಮೊದಲು ನೋಡಿದವರಿಗೆ ಕಥೆ ಗೊತ್ತಿರುತ್ತದೆ, ಮೀನಾ ಕುಮಾರಿಯವರ ಅಭಿನಯವೂ ಅಲ್ಲಿ ದೊಡ್ಡದೇ. ಆದರೆ ಹಾಡಿಗಾಗಿ ತಮಿಳಿಗೇ ಬರಬೇಕು. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಧ್ವನಿಯನ್ನು ಸ್ವಲ್ಪ ಹೆಚ್ಚಿಸಿ ಇಡಿ, ಏಕೆಂದರೆ ಹಳೆಯ ಪ್ರತಿಯಲ್ಲಿ ಸಂಭಾಷಣೆ ಅಲ್ಲಲ್ಲಿ ಮಸುಕಾಗಿದೆ.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅವ್ವ ಆ ಹಾಡನ್ನು ಇನ್ನೊಮ್ಮೆ ಹಚ್ಚೆಂದಳು. ಕನ್ನಡಕ ತರಿಸಿಕೊಳ್ಳಲಿಲ್ಲ, ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಳು. ‘ಕಂಡರಿಯೋಮೇ’ ಎಂಬ ಮಾತು ಬಂದಾಗ, ಪಾಠ ಒಪ್ಪಿಸುವ ಮಗುವಿನ ಹಾಗೆ, ಅದನ್ನು ತನ್ನ ತುಟಿಯಲ್ಲಿ ಒಮ್ಮೆ ಹೇಳಿಕೊಂಡಳು.